ಅತ್ತೆಯ ಗುಳಿಗೆ ಮತ್ತು ಸೊಸೆಯ ಹಲ್ಲು

ಗುಂಡಿ ಹಚ್ಚಿ ಮುಗಿಸಿದ ಮೇಲೆ ದಾರವನ್ನು ಕತ್ತರಿಯಿಂದಲೇ ಕತ್ತರಿಸುವ ಶಿಸ್ತಿನ ಹೆಂಗಸರು ಲೋಕದಲ್ಲಿ ಇದ್ದಾರೆಂದು ಕೇಳಿದ್ದೇನೆ. ನಾನು ಆ ಪಂಕ್ತಿಯವಳಲ್ಲ. ಕತ್ತರಿಯೆಂಬುದು ನಮ್ಮ ಮನೆಯಲ್ಲಿ ಬೇಕಾದಾಗ ಅಂತರ್ಧಾನವಾಗಿ, ಬೇಡವಾದಾಗ ದಿಂಬಿನಡಿ ಪ್ರತ್ಯಕ್ಷವಾಗುವ ಮಾಯಾವಸ್ತು. ಹಲ್ಲಾದರೆ ಹಾಗಲ್ಲ, ಸದಾ ಸನ್ನಿಹಿತ. ಹೀಗಾಗಿ ನನ್ನ ಮೇಲ್ಸಾಲಿನ ಎರಡು ಮುಂಬಲ್ಲುಗಳು ಮದುವೆಯಾದಂದಿನಿಂದ ನಮ್ಮ ಸಂಸಾರದ ಅವೈತನಿಕ ಕತ್ತರಿಯಾಗಿ ದುಡಿದಿದ್ದವು. ಕಳೆದ ವರ್ಷ ಒಂದು ಸಂಜೆ ನಮ್ಮವರ ಅಂಗಿಯ ತೋಳಿಗೆ ಗುಂಡಿ ಹಚ್ಚಿ, ರೂಢಿಯಂತೆ ದಾರವನ್ನು ಬಾಯಿಗೊಯ್ದು ಕಚ್ಚಿದರೆ ಅದು ತುಂಡಾಗಲಿಲ್ಲ. ಇನ್ನೊಮ್ಮೆ ಕಚ್ಚಿದೆ. ಎರಡು ಹಲ್ಲುಗಳ ನಡುವಿನಿಂದ ದಾರವು ಲೋಕಲ್ ರೈಲಿನ ಬಾಗಿಲಲ್ಲಿ ನುಸುಳುವ ನಿತ್ಯಪ್ರಯಾಣಿಕನಂತೆ ಸಲೀಸಾಗಿ ನುಸುಳಿ, ಒಂದಿಷ್ಟೂ ಗಾಯವಿಲ್ಲದೆ ಈಚೆಗೆ ಬಂತು.

ಕನ್ನಡಿಯ ಮುಂದೆ ಹೋಗಿ ನಿಂತೆ. ಐವತ್ತು ದಾಟಿದ ಹೆಂಗಸು ಕನ್ನಡಿಯಲ್ಲಿ ನೋಡಿಕೊಳ್ಳುವುದು ಕುಂಕುಮ ನೆಟ್ಟಗಿದೆಯೋ ಇಲ್ಲವೋ ಎಂಬಷ್ಟಕ್ಕೆ ಮಾತ್ರ. ಹಲ್ಲುಗಳ ಕ್ಷೇಮಸಮಾಚಾರ ವಿಚಾರಿಸಿ ಎಷ್ಟು ಕಾಲವಾಗಿತ್ತೋ. ನೋಡಿದರೆ, ಎಡಗಡೆಯ ಮುಂಬಲ್ಲು ತನ್ನ ಜೊತೆಗಾತಿಯನ್ನು ಬಿಟ್ಟು, ತುಸು ಮುಂದಕ್ಕೂ ತುಸು ಪಕ್ಕಕ್ಕೂ ಹೊರಟು ನಿಂತಿತ್ತು, ತವರಿಗೆ ಹೊರಟವಳು ಹೊಸ್ತಿಲಲ್ಲಿ ನಿಂತು ಇನ್ನೇನೋ ನೆನಪು ಮಾಡಿಕೊಳ್ಳುತ್ತಿರುವ ಹಾಗೆ. ಯಾವಾಗ ಹೊರಟಿತು, ಯಾರನ್ನು ಕೇಳಿ ಹೊರಟಿತು, ಒಂದೂ ನನಗೆ ತಿಳಿಯದು. ಮನೆಯ ಹಾಲಿನ ಲೆಕ್ಕ, ಗ್ಯಾಸಿನ ದಿನ, ನೆಂಟರ ಮಕ್ಕಳ ಹುಟ್ಟುಹಬ್ಬ ಎಲ್ಲವನ್ನೂ ನೆನಪಿಟ್ಟುಕೊಂಡವಳೆಂಬ ನನ್ನ ಅಹಂಕಾರಕ್ಕೆ ಇದು ಸ್ವಂತ ಬಾಯಿಯೊಳಗಿನಿಂದಲೇ ಬಂದ ಪ್ರತ್ಯುತ್ತರ.

ಮುಲುಂಡಿನಲ್ಲಿ ನಮ್ಮ ಹೌಸಿಂಗ್ ಸೊಸೈಟಿಯಿಂದ ನಡೆದು ಹೋಗುವಷ್ಟು ದೂರದಲ್ಲಿ ಸ್ನೇಹಾ ಎಂಬ ತರುಣ ದಂತವೈದ್ಯೆ ಇದ್ದಾಳೆ. ಹಲ್ಲು ಸರಿಸುವುದೇ ಅವಳ ವಿಶೇಷ ವಿದ್ಯೆ. ತಂದೆ ತಾಯಿ ವಿಜಯಪುರದ ಕಡೆಯವರು, ಅವಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲಿಯೇ. ಆದ್ದರಿಂದ ಅವಳ ಕನ್ನಡವು ಅರ್ಧ ದಾರಿಯಲ್ಲಿ ಹಿಂದಿಗೆ ಇಳಿದು, ಮುಂದಿನ ಸ್ಟೇಷನ್ನಿನಲ್ಲಿ ಮತ್ತೆ ಹತ್ತುತ್ತದೆ. ಎಕ್ಸ್‌ರೇ ನೋಡಿ ಅವಳು ಹೇಳಿದ್ದು ಇಷ್ಟು: ವಸಡಿನ ರೋಗದಿಂದ ಹಲ್ಲಿನ ಸುತ್ತಲಿನ ಎಲುಬು ಕುಗ್ಗಿದೆ, ಆಧಾರ ಸಡಿಲಾದ ಹಲ್ಲು ಅಲೆಮಾರಿಯಾಗಿದೆ. ಮೊದಲು ವಸಡಿಗೆ ಚಿಕಿತ್ಸೆ, ಆಮೇಲೆ ಕ್ಲಿಪ್ ಹಾಕಿ ಹಲ್ಲನ್ನು ಮೆಲ್ಲಗೆ ಸ್ವಸ್ಥಾನಕ್ಕೆ ತರುವುದು. ತಂದಲ್ಲಿ ಎಲುಬು ಅದನ್ನು ಹಿಡಿದುಕೊಂಡರೆ ಹಲ್ಲು ಉಳಿಯಿತು, ಹಿಡಿದುಕೊಳ್ಳದಿದ್ದರೆ ತೆಗೆಯುವುದೇ.

"ಆಂಟಿ, ನಾನು ಪ್ರಾಮಿಸ್ ಮಾಡೋದಿಲ್ಲ. ಕೋಶಿಶ್ ಪೂರಾ ಮಾಡ್ತೀನಿ," ಎಂದಳು.

ನಕ್ಕರೆ ಎದುರಿಗೆ ಕಾಣುವ ಹಲ್ಲು. ಹೋದರೆ ಲೋಕವೇನೂ ಮುಳುಗುವುದಿಲ್ಲ ಎಂದು ಲಿಫ್ಟಿನಲ್ಲಿ ನನಗೆ ನಾನೇ ವೇದಾಂತ ಹೇಳಿಕೊಂಡೆ. ಮೂರನೆಯ ಮಹಡಿ ಬರುವಷ್ಟರಲ್ಲಿ ವೇದಾಂತ ಖರ್ಚಾಗಿ ಕಣ್ಣಲ್ಲಿ ನೀರು ಬಂತು. ದೊಡ್ಡ ದೊಡ್ಡ ನಷ್ಟಗಳಿಗೆ ಅಳದವಳು ಒಂದು ಹಲ್ಲಿಗೆ ಅತ್ತೆನಲ್ಲ ಎಂಬ ನಾಚಿಕೆಯಿಂದ ಇನ್ನಷ್ಟು ಬಂತು.

ಕ್ಲಿಪ್ ಹಾಕಿಸಿಕೊಂಡು ಬಂದ ದಿನ ಮೊದಲು ಎದುರಾದವರು ನಮ್ಮ ಅತ್ತೆ. ಧಾರವಾಡದ ಹತ್ತಿರದ ಹಳ್ಳಿಯಿಂದ ಮದುವೆಯಾಗಿ ಕುರ್ಲಾದ ಒಂದೇ ಕೋಣೆಯ ಖೋಲಿಗೆ ಬಂದು, ಅಲ್ಲಿಂದ ಮುಲುಂಡಿನ ಈ ಫ್ಲಾಟಿನವರೆಗೆ ಸಂಸಾರವನ್ನು ಇಟ್ಟಿಗೆ ಇಟ್ಟಿಗೆಯಾಗಿ ಕಟ್ಟಿದವರು. ಈಗ ಪಡಸಾಲೆಯ ಮೂಲೆಯ ಕುರ್ಚಿಯಲ್ಲಿ ಕೂತಿರುತ್ತಾರೆ. ನನ್ನ ಬಾಯಿ ನೋಡಿದವರೇ,

"ಇದೇನವಾ, ಹಲ್ಲಿಗೆ ತಂತಿ ಬೇಲಿ ಹಾಕಿಸ್ಕೊಂಡ ಬಂದಿ? ಯಾರ ದನಾ ಹೊಕ್ಕಿದ್ವು ನಿನ್ನ ಬಾಯಾಗ?" ಎಂದರು.

ನಾನು ಬೈಕುಲ್ಲಾದ ಒಂದು ಶಾಲೆಯ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿನ ಏಳನೆಯ ಎಂಟನೆಯ ಕ್ಲಾಸಿನ ಅರ್ಧಕ್ಕರ್ಧ ಹುಡುಗಿಯರ ಬಾಯಲ್ಲೂ ಇದೇ ಬೇಲಿ. ಇಷ್ಟು ವರ್ಷ ಫೀ ರಸೀದಿಯ ಕಿಟಕಿಯಾಚೆಗೆ ಗಂಟುಮುಖದ ಹೆಂಗಸಾಗಿ ಕಂಡಿದ್ದ ನನ್ನನ್ನು ಅವರು ಒಂದೇ ದಿನದಲ್ಲಿ ತಮ್ಮ ಕುಲಕ್ಕೆ ಸೇರಿಸಿಕೊಂಡು, ಯಾವ ಬಣ್ಣದ ರಬ್ಬರ್ ಹಾಕಿಸಿಕೊಂಡರೆ ಚೆಂದವೆಂದು ಸಲಹೆ ಕೊಡತೊಡಗಿದರು. ನಾನು ಬೂದಿಬಣ್ಣದ್ದನ್ನೇ ಹಾಕಿಸಿಕೊಂಡೆ. ಅವರಿಗೆ ನಿರಾಶೆಯಾಯಿತು.

ಅಲ್ಲಿಯವರೆಗೆ ನನ್ನ ತಿಳಿವಳಿಕೆಯಲ್ಲಿ ಹಲ್ಲೆಂದರೆ ಗೋಡೆಗೆ ಹೊಡೆದ ಮೊಳೆ, ಎಲುಬೆಂದರೆ ಗೋಡೆ. ಗೋಡೆಯಲ್ಲಿ ಮೊಳೆಯನ್ನು ಪಕ್ಕಕ್ಕೆ ಸರಿಸುವುದು ಹೇಗೆ ಸಾಧ್ಯ? ಕೇಳಿದರೆ ಸ್ನೇಹಾ ಒಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದಳು. ಎಲುಬು ಗೋಡೆಯಲ್ಲ, ಜೀವಂತ ಊರು. ಅಲ್ಲಿ ಒಡೆಯುವ ಕೋಶಗಳಿವೆ, ಕಟ್ಟುವ ಕೋಶಗಳಿವೆ. ತಂತಿ ಹಲ್ಲನ್ನು ಯಾವ ಕಡೆಗೆ ಒತ್ತುತ್ತದೋ ಆ ಕಡೆ ಒಡೆಯುವವರು ಬಂದು ಎಲುಬನ್ನು ತುಸು ತುಸುವೇ ಕರಗಿಸಿ ದಾರಿ ಮಾಡುತ್ತಾರೆ. ಹಲ್ಲು ಬಿಟ್ಟುಬಂದ ಕಡೆ ಕಟ್ಟುವವರು ಬಂದು ಹೊಸ ಎಲುಬು ತುಂಬುತ್ತಾರೆ. ನಮ್ಮ ಪಕ್ಕದ ಸೊಸೈಟಿ, ಹಳೆಯದನ್ನು ಕೆಡವಿ ಹೊಸದು ಕಟ್ಟುವ ರಿಡೆವಲಪ್‌ಮೆಂಟಿಗೆ ಹೋದಾಗ ಅಲ್ಲಿನ ಸಂಸಾರಗಳೆಲ್ಲ ಗಂಟುಮೂಟೆ ಕಟ್ಟಿ ಬಾಡಿಗೆ ಮನೆಗಳಿಗೆ ಚದುರಿದ್ದನ್ನು ಕಣ್ಣಾರೆ ಕಂಡ ನನಗೆ, ನಿವಾಸಿಯನ್ನು ಒಂದು ದಿನವೂ ಹೊರಗೆ ಕಳಿಸದೆ, ಅವನು ಒಳಗೆ ಕೂತು ಊಟ ಮಾಡುತ್ತಿರುವಾಗಲೇ ಈ ಗೋಡೆ ಒಡೆದು ಆ ಗೋಡೆ ಕಟ್ಟುವ ಇಂಥ ಬಿಲ್ಡರ್ ನನ್ನದೇ ದವಡೆಯಲ್ಲಿದ್ದಾನೆಂಬುದು ಪರಮಾಶ್ಚರ್ಯವೆನಿಸಿತು.

ಇನ್ನೊಂದು ಮಾತನ್ನೂ ಅವಳು ಹೇಳಿದಳು. ಜೋರಾಗಿ ಒತ್ತಿದರೆ ಹಲ್ಲು ಬೇಗ ಸರಿಯುತ್ತದೆಂಬುದು ಸುಳ್ಳು; ಅತಿಯಾಗಿ ಒತ್ತಿದರೆ ಅಲ್ಲಿನ ರಕ್ತಸಂಚಾರವೇ ನಿಂತು, ಕೆಲಸಗಾರರು ಬರಲಾಗದೆ, ಹಲ್ಲು ಇದ್ದಲ್ಲೇ ಮುಷ್ಕರ ಹೂಡುತ್ತದೆ. ಇದು ಮಾತ್ರ ನನಗೆ ಹೊಸದೆನಿಸಲಿಲ್ಲ. ಮುಲುಂಡಿನಿಂದ ಬೈಕುಲ್ಲಾದವರೆಗೆ ಲೇಡೀಸ್ ಡಬ್ಬಿಯಲ್ಲಿ ಮೂವರ ಸೀಟಿನ ತುದಿಗೆ ನಾಲ್ಕನೆಯವಳಾಗಿ ಕೂತು ಆಯುಷ್ಯ ಸವೆಸಿದವಳಿಗೆ ಇದನ್ನು ಯಾವ ವೈದ್ಯಶಾಸ್ತ್ರ ಕಲಿಸಬೇಕು? ನುಗ್ಗಿ ಕೂತರೆ ಮೂವರೂ ಕಲ್ಲಾಗುತ್ತಾರೆ. ಅರ್ಧ ಅಂಗೈಯಷ್ಟು ಜಾಗದ ಮೇಲೆ ತೂಕವನ್ನು ಇಟ್ಟೂ ಇಡದ ಹಾಗೆ ಕೂತು, ಕಿಟಕಿಯಾಚೆ ನೋಡುತ್ತಿದ್ದರೆ, ಘಾಟ್ಕೋಪರ್ ಬರುವಷ್ಟರಲ್ಲಿ ಯಾರೂ ಸರಿಯದೆಯೇ ಎಲ್ಲರೂ ಸರಿದಿರುತ್ತಾರೆ.

ಕೆಲವು ವಾರ ಎಲ್ಲ ಸುಸೂತ್ರವಾಗಿ ನಡೆಯಿತು. ಹಲ್ಲು ಸರಿಯತೊಡಗಿತು, ಜೊತೆಗೆ ಅಲುಗಾಡತೊಡಗಿತು. ನಾಲಿಗೆಯಿಂದ ಮುಟ್ಟಿದರೂ ತಿಳಿಯುವಷ್ಟು. ಓಡಿದೆ ಕ್ಲಿನಿಕ್ಕಿಗೆ.

"ಆಂಟಿ, ಯೇ ತೋ ನಾರ್ಮಲ್ ಹೈ. ಸರಕ್ಬೇಕಂದ್ರೆ ಥೋಡಾ ಹಿಲೇಗಾ ಹೀ ನಾ? ಗಟ್ಟಿ ಕೂತಿದ್ರೆ ಹೇಗೆ ಸರಕತ್ತೆ?" ಎಂದು ಸ್ನೇಹಾ ನಕ್ಕಳು. ನನಗೆ ಸಮಾಧಾನವಾಯಿತು. ಆದರೆ ಈ ಸಮಾಧಾನವನ್ನು ಮನೆಗೆ ತಂದು ಅತ್ತೆಗೆ ಹಂಚುವುದು ಸುಲಭವಿರಲಿಲ್ಲ. ಅವರು ನನ್ನನ್ನು ಬಾಲ್ಕನಿಯ ಬೆಳಕಿಗೆ ಕರೆದು, ಬಾಯಿ ತೆಗೆಸಿ, ಸಂತೆಯಲ್ಲಿ ಎತ್ತಿನ ವಯಸ್ಸು ಪರೀಕ್ಷಿಸುವವರ ಗಾಂಭೀರ್ಯದಿಂದ ಬೆರಳಿಟ್ಟು ನೋಡಿ, "ಅಲಗ್ಯಾಡಾಕ ಹತ್ತೇತಲ್ಲೇ! ಆ ಹುಡುಗಿ ಹಲ್ಲ ಕೂಡಸ್ತೀನಿ ಅಂತ ಹೇಳಿ ಕೀಳಾಕ ಹತ್ತ್ಯಾಳ," ಎಂದು ತೀರ್ಪು ಕೊಟ್ಟರು.

ಇಲ್ಲಿ ನಮ್ಮ ಮನೆತನದ ಒಂದು ಪದ್ಧತಿಯನ್ನು ಹೇಳಬೇಕು. ನಮ್ಮಲ್ಲಿ ಔಷಧವೆಂಬುದು ಒಬ್ಬರ ಸ್ವತ್ತಲ್ಲ. ಉಪ್ಪಿನಕಾಯಿಯಂತೆ ಅದು ಸರ್ವರದು. ಒಬ್ಬರಿಗೆ ಗುಣ ಕೊಟ್ಟ ಗುಳಿಗೆಯನ್ನು ತಮ್ಮಲ್ಲೇ ಇಟ್ಟುಕೊಂಡು ಎದುರಿನವರನ್ನು ನರಳಲು ಬಿಡುವುದು ಕ್ರೌರ್ಯವೆಂದು ಮನೆಯವರೆಲ್ಲರ ಭಾವನೆ. ಮೈದುನನ ಕೆಮ್ಮಿನ ಔಷಧ ನಮ್ಮವರಿಗೆ, ನಮ್ಮವರ ಆಮ್ಲಪಿತ್ತದ ಗುಳಿಗೆ ಊರಿಂದ ಬಂದ ನೆಂಟರಿಗೆ, ನೆಂಟರ ಕಣ್ಣಿನ ಹನಿ ನನಗೆ. ಹೀಗೆ ಪ್ರೀತಿಯೂ ರಾಸಾಯನಿಕಗಳೂ ಒಟ್ಟೊಟ್ಟಿಗೆ ಸಂಚರಿಸುತ್ತವೆ. ಅತ್ತೆ ಹಿಂದೊಮ್ಮೆ ಬಚ್ಚಲಲ್ಲಿ ಜಾರಿ ಮುಂಗೈ ಮುರಿದುಕೊಂಡಿದ್ದರು. ಎಲುಬು ಟೊಳ್ಳಾಗಿದೆಯೆಂದು ಡಾಕ್ಟರು ವಾರಕ್ಕೊಂದು ಗುಳಿಗೆ ಬರೆದುಕೊಟ್ಟಿದ್ದರು. ಆ ಗುಳಿಗೆಯದೊಂದು ವ್ರತವಿಧಿ: ಭಾನುವಾರ ಬೆಳಗ್ಗೆ ಬರಿಹೊಟ್ಟೆಯಲ್ಲಿ ದೊಡ್ಡ ಲೋಟದ ತುಂಬ ನೀರಿನೊಂದಿಗೆ ನುಂಗಿ, ಅರ್ಧ ತಾಸು ಬೆನ್ನು ನೆಟ್ಟಗೆ ಮಾಡಿ ಕೂತಿರಬೇಕು, ಮಲಗಬಾರದು, ಬಾಗಬಾರದು, ಚಹಾದ ಹೆಸರೆತ್ತಬಾರದು.

ಮರುದಿನವೇ ಭಾನುವಾರ. ಅತ್ತೆ ಸ್ಟ್ರಿಪ್ಪಿನಿಂದ ಒಂದು ಗುಳಿಗೆ ತಾವು ತೆಗೆದುಕೊಂಡು, ಇನ್ನೊಂದನ್ನು ನನ್ನ ಅಂಗೈಯಲ್ಲಿಟ್ಟರು.

"ಇದು ನಿಮ್ಮ ಕೈ ಎಲುಬಿಂದಲ್ರೀ, ಅತ್ತೀ," ಎಂದೆ.

"ಕೈ ಎಲುಬಿಗೊಂದು, ಬಾಯಿ ಎಲುಬಿಗೊಂದು ಅಂತ ದೇವರೇನ ಎರಡ ಅಂಗಡಿ ಇಟ್ಟಾನೇನು? ಗಟ್ಟಿ ಆಗೂದು ಅಂದ್ರ ಎಲ್ಲಾ ಗಟ್ಟಿ ಆಗತೈತಿ. ನುಂಗ, ಸುಮ್ಮನ ನುಂಗ."

ತರ್ಕ ನನಗೂ ಸರಿಯೆನಿಸಿತು. ಎಲುಬು ಕುಗ್ಗಿದ್ದರಿಂದ ತಾನೆ ಹಲ್ಲು ಹೊರಟಿದ್ದು? ಎಲುಬು ಗಟ್ಟಿಯಾದರೆ ನಷ್ಟವೇನು? ನುಂಗಿದೆ. ಅತ್ತೆ ಸೊಸೆ ಇಬ್ಬರೂ ಅಕ್ಕಪಕ್ಕದ ಕುರ್ಚಿಗಳಲ್ಲಿ ಬೆನ್ನು ಸೆಟೆಸಿ, ಕೈಗಳನ್ನು ತೊಡೆಯ ಮೇಲಿಟ್ಟು, ಗೋಡೆ ನೋಡುತ್ತ ಕೂತೆವು. ಪೇಪರು ಹುಡುಕುತ್ತ ಬಂದ ನಮ್ಮವರು ಬಾಗಿಲಲ್ಲೇ ನಿಂತು, "ಏನಿದು, ಫೋಟೋ ತಗಿಸ್ಕೊಳ್ಳಾಕ ಕುಂತಂಗ ಕುಂತೀರಿ?" ಎಂದರು. ನಗು ಬಂದರೂ ಬಾಗಬಾರದೆಂಬ ನಿಯಮವಿದ್ದುದರಿಂದ ಇಬ್ಬರೂ ನೆಟ್ಟಗೇ ನಕ್ಕೆವು. ಹೀಗೆ ಮುಂದಿನ ಭಾನುವಾರವೂ, ಅದರ ಮುಂದಿನದೂ. ನಿಜ ಹೇಳುವುದಾದರೆ, ಮಾತಿಲ್ಲದೆ ಅತ್ತೆಯ ಪಕ್ಕದಲ್ಲಿ ಹಾಗೆ ಕೂತ ಅರ್ಧ ತಾಸು ನನಗೆ ವಾರದ ಬೇರೆಲ್ಲ ಗಳಿಗೆಗಳಿಗಿಂತ ಹಿತವಾಗಿತ್ತು.

ಅಲುಗಾಟ ಕಡಿಮೆಯಾಯಿತು. ಆದರೆ ಸರಿಯುವುದೂ ನಿಂತಿತು. ಸ್ನೇಹಾ ಒಂದು ಸಲ ಅಳತೆ ನೋಡಿ ಬರೆದಿಟ್ಟುಕೊಂಡಳು. ಮತ್ತೊಂದು ಸಲ ನೋಡಿ, "ಅಜೀಬ್ ಇದೆ. ಬಿಲ್ಕುಲ್ ಸರಕಿಲ್ಲ," ಎಂದು ಹುಬ್ಬು ಗಂಟಿಕ್ಕಿದಳು. ನಾನು ಶಿಕ್ಷಕರನ್ನು ಮೆಚ್ಚಿಸಲು ಹಾತೊರೆಯುವ ವಿದ್ಯಾರ್ಥಿನಿಯಂತೆ, "ನಾನಂತೂ ಎಲ್ಲಾ ಕಾಳಜಿ ತಗೊಂಡೀನಿ. ಎಲುಬಿಗೆ ಅಂತ ನಮ್ಮತ್ತಿ ಗುಳಿಗೀನೂ ತಗೋಳಾಕತ್ತೀನಿ," ಎಂದು ಉತ್ಸಾಹದಿಂದ ಹೇಳಿದೆ.

ಅವಳ ಕೈ ನಿಂತಿತು. "ಕೌನ್ಸಾ ಗುಳಿಗೆ?"

ಮನೆಗೆ ಫೋನು ಮಾಡಿ ಸ್ಟ್ರಿಪ್ಪಿನ ಫೋಟೋ ತರಿಸಿ ತೋರಿಸಿದೆ. ಸ್ನೇಹಾ ಸ್ಟೂಲನ್ನು ಹತ್ತಿರ ಎಳೆದುಕೊಂಡು ಕೂತು, ಬೈಯದೆ, ತಾಳ್ಮೆಯಿಂದ ವಿವರಿಸಿದಳು. ಆ ಗುಳಿಗೆಯ ಕೆಲಸವೇ ಎಲುಬು ಒಡೆಯುವ ಕೋಶಗಳನ್ನು ಮಲಗಿಸುವುದು. ಅತ್ತೆಯ ವಯಸ್ಸಿನಲ್ಲಿ ಕಟ್ಟುವುದಕ್ಕಿಂತ ಒಡೆಯುವುದೇ ಹೆಚ್ಚಾಗಿರುತ್ತದೆ, ಅವರಿಗೆ ಅದು ಬೇಕೇ ಬೇಕು. ಆದರೆ ನನ್ನ ಹಲ್ಲಿಗೆ ದಾರಿ ಮಾಡಿಕೊಡಬೇಕಾದವರೇ ಆ ಒಡೆಯುವವರು. ಅವರು ನಿದ್ದೆ ಹೋದರೆ ಹಲ್ಲು ಸರಿಯುವುದೆಲ್ಲಿಗೆ? ಮೇಲಾಗಿ ಅದು ಎಲುಬಿನಲ್ಲಿ ಬಹುಕಾಲ ಉಳಿಯುವ ಔಷಧ.

"ಥೋಡೇ ಗುಳಿಗೆ ತಗೊಂಡಿದ್ದೀರಿ, ಶಾಯದ್ ಏನೂ ಆಗೋದಿಲ್ಲ. ಹಲ್ಲು ಸರಕುವಾಗ ನಡುವೆ ಹೀಗೆ ನಿಲ್ಲೋದು ಗುಳಿಗೆ ಇಲ್ಲದೆ ಭೀ ಇರ್ತದೆ. ಆದ್ರೆ ಈಗ ಒತ್ತಡ ಜಾಸ್ತಿ ಮಾಡೋದಿಲ್ಲ. ವೇಟ್ ಮಾಡೋಣ," ಎಂದಳು. ಸರಿಯದಿದ್ದರೆ? ಎಂದು ಕೇಳಿದೆ. ಕೈಗವಸು ಕಳಚುತ್ತ, "ಆಗ ಅರ್ಧಕ್ಕೇ ನಿಲ್ಲಿಸ್ಬೇಕು. ಹಲ್ಲು ಉಳಿಯೋದು ಮುಷ್ಕಿಲ್," ಎಂದಳು. ನಮ್ಮ ಫ್ಯಾಮಿಲಿ ಡಾಕ್ಟರಿಗೂ ಹೇಳಬೇಕೆಂದಳು. ಅವರು ಬೈದರು, ಯಾರಾದರೂ ಬೈಯಬೇಕಲ್ಲ.

ಅತ್ತೆಗೆ ಹೇಳದೆ ಮುಚ್ಚಿಡೋಣವೆಂದುಕೊಂಡರೆ ನಮ್ಮವರ ಬಾಯಿಂದ ಜಾರಿತು. ಆ ಭಾನುವಾರ ಅತ್ತೆ ಎದ್ದವರೇ ಚಹಾ ಕೇಳಿದರು.

"ಗುಳಿಗಿ ದಿನಾ ಅಲ್ರೀ ಇವತ್ತ?" ಎಂದೆ.

"ನನಗ ಬ್ಯಾಡ ಅದು."

"ಅತ್ತೀ, ಅದು ನನಗ ಆಗಿಬರೂದಿಲ್ಲ. ನಿಮಗ ಬೇಕಽ ಬೇಕಂತ. ಡಾಕ್ಟರ ಹೇಳ್ಯಾಳ."

"ಸೊಸಿ ಹಲ್ಲ ತಿಂದ ಗುಳಿಗಿ ನುಂಗಿ ನಾ ಎಲುಬ ಗಟ್ಟಿ ಮಾಡ್ಕೊಂಡ ಏನ ಗುಡ್ಡಾ ಹತ್ತೂದೈತಿ? ನಿನ್ನ ಹಲ್ಲ ಸರೀಲಿ, ಆಮ್ಯಾಲೆ ನೋಡೋಣು."

ನಮ್ಮವರು ಹೇಳಿದರೂ ಅಷ್ಟೇ, ಫ್ಯಾಮಿಲಿ ಡಾಕ್ಟರು ಫೋನಿನಲ್ಲಿ ಹೇಳಿದರೂ ಅಷ್ಟೇ. ಮುಂದಿನ ಭಾನುವಾರವೂ ಎದ್ದ ಕೂಡಲೇ ಚಹಾ. ಒಮ್ಮೆ ಮುರಿದ ಮುಂಗೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಅವರು ಬಚ್ಚಲಿಗೆ ಹೋಗುವುದನ್ನು ನೋಡಿದಾಗಲೆಲ್ಲ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲವರೆಗೆ ಹಿಂದೆಯೇ ಹೋಗುತ್ತಿದ್ದೆ. ಈಗ ನನ್ನ ಒಂದು ಹಲ್ಲಿನ ಮೇಲೆ ಬರೀ ನನ್ನ ನಗು ನಿಂತಿರಲಿಲ್ಲ, ಅವರ ಮೈಯ ಎಲುಬೆಲ್ಲ ನಿಂತಿತ್ತು. ಶಾಲೆಯಲ್ಲಿ, ಲೋಕಲ್ಲಿನಲ್ಲಿ, ಒಲೆಯ ಮುಂದೆ ನಾಲಿಗೆಯ ತುದಿ ತನ್ನಷ್ಟಕ್ಕೆ ಹೋಗಿ ಆ ಹಲ್ಲನ್ನು ಮುಟ್ಟಿ, 'ಹೊರಟೆಯೇನೇ?' ಎಂದು ಕೇಳಿಬರುತ್ತಿತ್ತು.

ಸ್ನೇಹಾ ಬರೆದ ಚಿತ್ರದಲ್ಲಿ ಮೂರನೆಯ ಬಗೆಯ ಕೋಶವೊಂದಿತ್ತು. ಮೊದಲ ಸಲ ನೋಡಿದಾಗ ನಾನು ಅದಕ್ಕೆ ಅಷ್ಟು ಗಮನ ಕೊಟ್ಟಿರಲಿಲ್ಲ. ಕಟ್ಟುವ ಕೋಶಗಳಲ್ಲೇ ಕೆಲವು, ಕಟ್ಟುತ್ತ ಕಟ್ಟುತ್ತ ತಾವೇ ಕಟ್ಟಿದ ಎಲುಬಿನೊಳಗೆ ಉಳಿದುಬಿಡುತ್ತವಂತೆ. ಒಡೆಯುವುದೂ ಕಟ್ಟುವುದೂ ಈಗ ಅವುಗಳ ಕೈಯಲ್ಲಿಲ್ಲ. ಆದರೆ ನೂಲಿನಂಥ ಸಣ್ಣ ಕೈಗಳನ್ನು ಸುತ್ತಲೂ ಚಾಚಿಕೊಂಡು, ಎಲ್ಲಿ ಭಾರ ಬಿತ್ತು, ಎಲ್ಲಿ ಎಳೆತ ಹೆಚ್ಚಿತು ಎಂಬುದನ್ನು ಮೊದಲು ಅರಿತು ಉಳಿದವರಿಗೆ ಸುದ್ದಿ ಮುಟ್ಟಿಸುವವು ಅವೇ. ಅವು ಹೇಳದಿದ್ದರೆ ಒಡೆಯುವವರೂ ಕಟ್ಟುವವರೂ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತಾರು. ಕುಕ್ಕರಿನ ಶಿಳ್ಳೆಯ ಮೇಲಿಂದ ನನ್ನ ಮನಸ್ಸು ನೆಟ್ಟಗಿಲ್ಲವೆಂದೂ, ಚಪ್ಪಲಿ ಬಿಡುವ ಸದ್ದಿನ ಮೇಲಿಂದ ತಮ್ಮ ಮಗನಿಗೆ ಆಫೀಸಿನಲ್ಲಿ ಕಿರಿಕಿರಿಯಾಗಿದೆಯೆಂದೂ ಪಡಸಾಲೆಯ ಮೂಲೆಯ ಕುರ್ಚಿಯಿಂದಲೇ ಕಂಡುಹಿಡಿಯುವವರು ಯಾರೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟು ವರ್ಷ ಅದನ್ನು ಮೂಗು ತೂರಿಸುವುದೆಂದು ತಿಳಿದಿದ್ದೆ. ನನ್ನ ಹಲ್ಲು ಅಲುಗಿದಾಗ ಮೊದಲು ಅಲುಗಿದವರು ಅವರು. ಕಳಿಸಿದ ಸುದ್ದಿ ಸರಿಯಾಗಿತ್ತು, ಕೊಟ್ಟ ಗುಳಿಗೆ ಮಾತ್ರ ತಪ್ಪಿತ್ತು.

ಮುಂದಿನ ಭೇಟಿ ಒಂದು ಶನಿವಾರ ಬಂತು. ಕುರ್ಚಿ ಹಿಂದಕ್ಕೆ ವಾಲಿತು, ದೀಪ ಕಣ್ಣಿಗೆ ಬಂತು. ಸ್ನೇಹಾ ಅಳತೆಕಡ್ಡಿ ಇಟ್ಟಳು, ತೆಗೆದಳು, ಒರೆಸಿ ಮತ್ತೆ ಇಟ್ಟಳು. ಬಾಯಿ ತೆರೆದುಕೊಂಡವಳಿಗೆ ಪ್ರಶ್ನೆ ಕೇಳುವ ಸೌಕರ್ಯವಿಲ್ಲ. ಕುರ್ಚಿಯ ತೋಳನ್ನು ಅದುಮಿ ಹಿಡಿದಿದ್ದೆ.

"ಸರಕ್ ಗಯಾ!" ಎಂದಳು. ಆಮೇಲೆ ನನಗಾಗಿ ನೆನಪಿಸಿಕೊಂಡು, "ಸರಿದಿದೆ ಆಂಟಿ, ಸರಿದಿದೆ! ಹಲ್ಲು ಸರಿದಿದೆ!" ಎಂದು ಕನ್ನಡದಲ್ಲಿ ಎರಡು ಸಲ ಹೆಚ್ಚಿಗೆ ಹೇಳಿದಳು.

ಎಕ್ಸ್‌ರೇ ತೆಗೆದಳು. ಹಲ್ಲು ಮೊದಲಿದ್ದು ಬಿಟ್ಟುಬಂದ ಜಾಗ ಹಿಂದೆ ಕಪ್ಪಗೆ ಕಂಡಿತ್ತು. ಈಗ ಅಲ್ಲಿ ಚುಮುಚುಮು ಬೆಳಗಿನ ಮಂಜಿನಂಥದ್ದೇನೋ ಕವಿದಿತ್ತು. ಅದೇ ಹೊಸ ಎಲುಬಂತೆ. ಇನ್ನೂ ಎಳೆಯದು, ಗಟ್ಟಿಯಾಗಲು ತಿಂಗಳುಗಳು ಬೇಕು, ಅಲ್ಲಿಯವರೆಗೆ ಹಲ್ಲಿನ ಹಿಂಬದಿಗೆ ಸಣ್ಣ ತಂತಿ ಹಚ್ಚಿ ಹಿಡಿದಿಡಬೇಕು. ಆದರೆ ಹಲ್ಲು ಉಳಿಯುತ್ತದೆ, ಈಗ ಧೈರ್ಯವಾಗಿ ಹೇಳಬಹುದು ಎಂದಳು. ಹಾಗಾದರೆ ನಿಂತಿದ್ದು ಗುಳಿಗೆಯಿಂದಲೋ, ತಾನಾಗಿಯೋ? "ಭಗವಾನ್ ಜಾನೇ," ಎಂದಳು. ಕಾರಣ ತಿಳಿಯದ ಸುಖವೂ ಸುಖವೇ. ಕ್ಲಿನಿಕ್ಕಿನ ಮೆಟ್ಟಿಲಿಳಿಯುವಾಗ ನನ್ನ ಭುಜಗಳು ಇಷ್ಟು ವಾರ ಕಿವಿಯ ಹತ್ತಿರವೇ ಇದ್ದವೆಂಬುದು, ಅವು ತಮ್ಮ ಜಾಗಕ್ಕೆ ಇಳಿದ ಮೇಲೆಯೇ ನನಗೆ ತಿಳಿಯಿತು.

ಅತ್ತೆ ಬಾಗಿಲು ತೆರೆದೇ ಇಟ್ಟು ಕೂತಿದ್ದರು. "ಬಾಯಿ ತಗಿ," ಎಂದರು, ಚಪ್ಪಲಿ ಬಿಡುವ ಮೊದಲೇ. ತೆಗೆದೆ. ಬೆರಳಿಡಲಿಲ್ಲ, ಬರಿದೆ ನೋಡಿದರು.

"ಸರದೈತೇನು?"

"ಸರದೈತ್ರಿ ಅತ್ತೀ. ಉಳಿತೈತಂತ."

"ಡಾಕ್ಟರ ಅಂದ್ಳೋ, ನೀ ನನ್ನ ಸಮಾಧಾನಕ್ಕ ಹೇಳಾಕತ್ತೀಯೋ?"

ಫೋನಿನಲ್ಲಿದ್ದ ಎಕ್ಸ್‌ರೇ ತೋರಿಸಿದೆ. ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು, "ಇದರಾಗ ಏನ ಕಾಣಬೇಕು? ಬರೇ ಮಂಜ ಬಿದ್ದಂಗೈತಿ," ಎಂದರು.

"ಆ ಮಂಜಽ ಎಲುಬ್ರಿ. ಹೊಸಾದು."

ಸೆರಗಿನಿಂದ ಫೋನಿನ ಗಾಜು ಒರೆಸಿ ಮತ್ತೊಮ್ಮೆ ನೋಡಿದರು. ಆಮೇಲೆ ಎದ್ದು ಹೋಗಿ ಶೆಲ್ಫಿನಿಂದ ಗುಳಿಗೆಯ ಸ್ಟ್ರಿಪ್ಪು ಇಳಿಸಿಕೊಂಡು, ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಇಟ್ಟು, ಅದರ ಮೇಲೆ ಒಂದು ಕೈಯನ್ನೂ ಇಟ್ಟರು.

"ನಾಳೆ ಐತ್ವಾರ. ನಾ ನನ್ನ ಗುಳಿಗಿ ತಗೋತೀನಿ. ನೀ ಬೇಕಾದ್ರ ಬಂದು ಬಾಜೂಕ ಕುಂದ್ರು, ಯಾರೂ ಬ್ಯಾಡ ಅನ್ನೂದಿಲ್ಲ. ಆದ್ರ ಗುಳಿಗಿ ಮಾತ್ರ ಕೇಳಬ್ಯಾಡ, ಕೊಡಾಂಗಿಲ್ಲ."

ಜನ್ಮದಲ್ಲಿ ಒಮ್ಮೆಯೂ ನಾನಾಗಿ ಕೇಳಿರದ ಆ ಗುಳಿಗೆಯನ್ನು ಇನ್ನು ಮುಂದೆ ಕೇಳುವುದಿಲ್ಲವೆಂದು ನಾನು ಮಾತು ಕೊಟ್ಟೆ.